ಹನುಮವ್ವನ ಬಕೆಟ್ಟಿನ ಏಡಿಗಳು

1998ರಲ್ಲಿ ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಸಾಕಿದ ಏಡಿಯ ಕರುಳಿನಲ್ಲಿ ಎಷ್ಟು ಬಗೆಯ ಶಿಲೀಂಧ್ರ, ಅಂದರೆ ಬೂಷ್ಟು, ಇರುತ್ತದೆ, ಹಳ್ಳದ ಏಡಿಯಲ್ಲಿ ಎಷ್ಟು ಎಂದು ಹೋಲಿಸುವುದು ನನ್ನ ಪ್ರಾಜೆಕ್ಟು. ಕೊಟ್ಟೂರಿನ ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅವ್ವನಿಗೆ "ನೀರಿನ ಹುಳು ನೋಡೋದು" ಎಂದಷ್ಟೇ ಹೇಳಿದ್ದೆ.

ತಂಬ್ರಹಳ್ಳಿ ಹತ್ತಿರ ಹನುಮವ್ವ ಎಂಬಾಕೆ ಮೀನಿನ ಹೊಂಡದಲ್ಲಿ ಏಡಿಯನ್ನೂ ಸಾಕಿದ್ದಳು. ನಾನು ಹೋಗುವ ಮೂರು ದಿನ ಮೊದಲೇ ಹೊಂಡದ್ದೊಂದು, ಹಳ್ಳದ್ದೊಂದು ಅಂತ ಎರಡು ಬಕೆಟ್ ಏಡಿ ಹಿಡಿದಿಡುತ್ತಿದ್ದಳು. ನನಗೆಂದೇ ಬೇರೆ ಗಡಿಗೆಯಲ್ಲಿ ಪಲ್ಯ ಮಾಡಿರುತ್ತಿದ್ದಳು. ನಾನು ಉಣ್ಣುವವರೆಗೂ ಏಡಿ ಕೊಡುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ನೋಡಿದರೆ ಎರಡೂ ಬಕೆಟ್ಟಿನ ಏಡಿಗಳಲ್ಲಿ ಅದದೇ ಬಿಳಿ ಬೂಷ್ಟು! ನಮ್ಮ ಮೇಷ್ಟ್ರು, "ಒಂದೇ ಏಡಿ ಕೊಯ್ದು ಎರಡು ಚೀಟಿ ಅಂಟಿಸಿದೀಯೇನಮ್ಮ?" ಎಂದುಬಿಟ್ಟರು. ತಿಂಗಳೊಳಗೆ ಸರಿಯಾಗದಿದ್ದರೆ ಆ ವರ್ಷ ಪದವಿಯೇ ಇಲ್ಲ. ಮತ್ತೆ ಏಡಿ ತರಲು ಹೊರಟವಳು, ಕಳ್ಳಿ ಅನ್ನಿಸಿಕೊಂಡೆನಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಅಂಗಳಕ್ಕೆ ಕಾಲಿಟ್ಟಾಗ ಹನುಮವ್ವ ಕುಕ್ಕರಗಾಲಲ್ಲಿ ಕೂತು ಎರಡೂ ಬಕೆಟ್ಟಿಗೆ ಹುಳಿ ಬಂದ ಜೋಳದ ನುಚ್ಚು ಹಾಕುತ್ತಿದ್ದಳು.

"ಇದೇನ್ ಮಾಡಾಕತ್ತೀಯವ್ವಾ?" ಎಂದು ಕೂಗಿದೆ.

"ಯಾಕ ತಂಗಿ? ನೀ ಒಯ್ದು ಕೊಯ್ತಿ. ಸಾಯಾಕ ಹೊಂಟಾವು, ಹಸಗೊಂಡು ಹೋಗಬಾರ್ದಲ್ಲ. ಯಾವಾಗ್ಲೂ ಮೂರೂ ದಿನ ಹೊಟ್ಟಿ ತುಂಬ ಹಾಕೇ ಕಳಿಸೀನಿ."

ಆಕೆಯ ಪಕ್ಕ ಕೂತು ಮೇಷ್ಟ್ರು ಅಂದದ್ದನ್ನೆಲ್ಲ ಹೇಳಿದೆ. ಹುಳಿ ಬಂದ ನುಚ್ಚಿನ ಬೂಷ್ಟೇ ಎಲ್ಲ ಏಡಿಗಳ ಹೊಟ್ಟೆಯಲ್ಲಿ ಬೆಳೆದಿತ್ತು. ವಿಷಯ ತಿಳಿದ ಮೇಲೆ ಆಕೆಯ ಮುಖ ಸಣ್ಣದಾಯಿತು. "ಅಯ್ಯ, ನಿನ್ನ ಓದಿಗೆ ನಾನೇ ಮಣ್ಣು ಹಾಕಿದ್ನೇನವ್ವಾ?" ಎಂದು ನನ್ನ ಕೈ ಹಿಡಿದುಕೊಂಡಳು.

ಮುಂದಿನ ವಾರ ಹೋದಾಗ ಹಿಂದಿನ ದಿನವಷ್ಟೇ ಹಿಡಿದ ಏಡಿಗಳಿದ್ದವು. ನುಚ್ಚಿನ ಒಂದು ಅಗುಳೂ ಹಾಕಿರಲಿಲ್ಲ. ನನಗೆ ರೊಟ್ಟಿ ಬಡಿಸಿದಳು, ತಾನು ಕೂರಲಿಲ್ಲ. ಏಕೆಂದು ಕೇಳಿದೆ.

"ನಿನ್ನೆ ಹಿಡದಾಗಿಂದ ಅವು ಉಪಾಸ ಅದಾವು. ನನಗ ಹೆಂಗ ಗಂಟಲಾಗ ಇಳೀತೈತಿ? ನೀ ಲಗೂನ ಒಯ್ಯವ್ವಾ, ಆಮ್ಯಾಲೆ ಉಣ್ತೀನಿ."

ರೊಟ್ಟಿಯನ್ನು ಕೈಯಲ್ಲೇ ಸುತ್ತಿಕೊಂಡು, ಬಕೆಟ್ ಎತ್ತಿಕೊಂಡು ಸಿಕ್ಕ ಬಸ್ಸಿಗೆ ಓಡಿದೆ.

ಈ ಸಲ ಹೊಂಡದ ಏಡಿಯದೇ ಬೇರೆ ಬೂಷ್ಟು, ಹಳ್ಳದ ಏಡಿಯದೇ ಬೇರೆ. ಮೇಷ್ಟ್ರು "ತಪ್ಪು ತಿಳಿದಿದ್ದೆನಮ್ಮ" ಎಂದರು. ಪದವಿಯೂ ಸಿಕ್ಕಿತು. ಈಗ ನಾನೇ ಪಾಠ ಹೇಳುತ್ತೇನೆ. ಏಡಿ ಕೈಗೆತ್ತಿಕೊಂಡ ದಿನ ಮಾತ್ರ ಒಂದು ನಿಮಿಷವೂ ತಡ ಮಾಡುವುದಿಲ್ಲ. ಹನುಮವ್ವ ಇನ್ನೂ ಉಂಡಿಲ್ಲ ಅನ್ನಿಸುತ್ತದೆ.