ಓಟಿಗೆ ತುಂಬಿದ ಉಡಿ

ಮೊಮ್ಮಕ್ಕಳೇ, ಹೋದ ವಾರ ಬೀದರಿನ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನೀವು ಅಣ್ಣ ತಂಗಿ ಜೋರಾಗಿ ವಾದ ಮಾಡಿದಿರಿ. "ಓಟು ಮಾರ್ಕೊಂಡವರನ್ನ ಹಿಡದು ಜೇಲಿಗಿ ಹಾಕಬೇಕು, ಹೌದಲ್ಲ ಆಯಿ?" ಎಂದು ನನ್ನ ಕಡೆ ತಿರುಗಿದಿರಿ. ನಾನು ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋದೆ. ನಾಲ್ಕು ಜನರ ನಡುವೆ ಮಾತಾಡಲು ನನಗೆ ಆಗುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈ ಬಿಟ್ಟಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಜೇಲಿಗೆ ಹಾಕಬೇಕೆಂದ ಮಂದಿಯಲ್ಲಿ ಒಬ್ಬಳು ನಮ್ಮೂರಲ್ಲಿ, ನನ್ನ ಗೋಡೆಗೆ ಹೊಂದಿಕೊಂಡ ಮನೆಯಲ್ಲೇ ಇದ್ದಾಳೆ. ಚಿಂತಾಕಿಯಲ್ಲಿ ಬಸ್ಸಿಳಿದು ನೀವು ಊರಿಗೆ ಬಂದಾಗಲೆಲ್ಲ ಅವಳು ಮಾಡಿದ ಹುಗ್ಗಿ ಉಂಡಿದ್ದೀರಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲ. ಅವನ ದುಡಿಮೆ ಒಂದು ವಾರ ಇದ್ದರೆ ಇನ್ನೊಂದು ವಾರ ಇಲ್ಲ. ಮನೆ ನಿಂತಿದ್ದು ಅವಳ ಶಾಲೆಯ ಕೆಲಸದ ಮೇಲೆ.

ಚುನಾವಣೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಓಣಿಗೆ ಕಾರು ಬಂತು. ಚುನಾವಣೆಗೆ ನಿಂತವನ ಹೆಂಡತಿ, ಜೊತೆಗೆ ನಾಲ್ಕೈದು ಗಂಡಸರು. ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತೇವೆ ಎಂದರು. ಅಡುಗೆಯವಳ ಅಂಗಳ ದೊಡ್ಡದು, ಬೇವಿನ ನೆರಳಿದೆ. ಅಲ್ಲೇ ಜಮಖಾನೆ ಹಾಸಿದರು. ಒಬ್ಬೊಬ್ಬಳ ಸೆರಗಿಗೂ ಅಕ್ಕಿ, ತೆಂಗಿನಕಾಯಿ, ಕುಬಸದ ಖಣ, ಅರಿಶಿನ ಕೊಂಬು, ಮೇಲೊಂದು ಸೀರೆ. ತುಂಬುತ್ತಾ ಆಕೆ ಹೇಳುತ್ತಿದ್ದಳು, "ನಿಮ್ಮ ತವರಮನಿ ಉಡಿ ಅಂತ ತಿಳೀರಿ ತಾಯಿ. ಮರೀಬ್ಯಾಡ್ರಿ."

ಈ ಚಲಾಕಿ ನೋಡಿ. ನೋಟು ಕೊಡಲು ಬಂದವರಿಗೆ ಬೇಡ ಎನ್ನಬಹುದು. ಉಡಿಗೆ ಬೇಡ ಎನ್ನುವಂತಿಲ್ಲ. ತುಂಬಿಸಿಕೊಂಡ ಮೇಲೆ ಒಂದು ಕಾಳು ನೆಲಕ್ಕೆ ಬೀಳಬಾರದು. ದೇವರ ಮುಂದೆ ಇಟ್ಟ ಮೇಲೆಯೇ ಸೆರಗು ಬಿಡಬೇಕು. ಮದುವೆಯಾಗಿ ಹೋಗುವ ಮಗಳಿಗೆ, ಬಸುರಿ ಸೊಸೆಗೆ ಹರಸಿ ತುಂಬುವ ಉಡಿ ಅದು. ಅದನ್ನು ತಂದು ಓಟಿಗೆ ಕಟ್ಟಿದರು. ಇಂಥ ಬುದ್ಧಿ ಅವರಿಗೆ ಯಾವ ಕಾಲೇಜು ಕಲಿಸಿತೋ!

ನಾನು ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ನನ್ನನ್ನು ಯಾರೂ ಕರೆಯಲಿಲ್ಲ. ನಮ್ಮದು ವಿಭೂತಿ ಧರಿಸುವ ಶರಣರ ಮನೆ. ಹೆಣ್ಣಿನಲ್ಲಿ ಮೇಲು ಕೀಳು ಇಲ್ಲವೆಂದು ಮಠದಲ್ಲಿ ಕೇಳಿ ತಲೆಯಾಡಿಸಿ ಬರುತ್ತೇವೆ. ಆದರೆ ಉಡಿಯ ತಾಟು ಹಿಡಿದಾಗ ವಿಧವೆಯನ್ನು ದಾಟಿಯೇ ಮುಂದೆ ಹೋಗುತ್ತೇವೆ.

ಎಲ್ಲರೂ ತಮ್ಮ ತಮ್ಮ ಮನೆ ಸೇರಿದ ಮೇಲೆ ಕೊನೆಗೆ ಮನೆಯೊಡತಿಗೆ ತುಂಬಿದರು. ಅಷ್ಟರಲ್ಲಿ ಚುನಾವಣೆಗೆ ಹಣ, ಸೀರೆ ಹಂಚುವವರನ್ನು ಹಿಡಿಯುವ ಸಾಹೇಬರ ಜೀಪು ಓಣಿಯ ಬಾಯಲ್ಲಿ ಕಂಡಿತು. ಆಕೆಯೂ ಗಂಡಸರೂ ಉಳಿದ ಸೀರೆಗಳ ಗಂಟನ್ನು ಅಲ್ಲೇ ಬಿಟ್ಟು ಕಾರು ಹತ್ತಿ ಓಣಿಯ ಇನ್ನೊಂದು ತುದಿಯಿಂದ ಹೋದರು. ಇವಳು ಓಡಲಿಲ್ಲ. ಓಡಿದರೆ ಅಕ್ಕಿ ಚೆಲ್ಲುತ್ತದೆ. ಎರಡೂ ಕೈಯಲ್ಲಿ ಸೆರಗು ಹಿಡಿದು ಮೆಲ್ಲಗೆ ಬಾಗಿಲಿನ ಕಡೆ ಹೆಜ್ಜೆ ಇಡುತ್ತಿದ್ದಳು.

"ಏ, ನಿಂದ್ರು! ಕೆಳಗ ಇಡು ಅದನ್ನ," ಎಂದ ಸಾಹೇಬ.

"ಇಲ್ಲಿ ಹ್ಯಾಂಗ ಸುರೂಲಿರಿ ಸಾಹೇಬರ? ದೇವರ ಮುಂದ ಇಟ್ಟು ಬರ್ತೇನಿ."

"ಒಳಗ ಹೋಗಿ ಮುಚ್ಚಿಡ್ತಿ ಏನ?"

ಉಡಿ ತುಂಬಿಕೊಂಡು ನಿಂತಂತೆಯೇ ಅವಳ ಫೋಟೋ ತೆಗೆದರು. ಕೇಸಾದರೆ ಶಾಲೆಯ ಕೆಲಸ ಹೋಗುತ್ತದೆ ಎಂಬುದು ಅವಳಿಗೆ ಅಲ್ಲೇ ಹೊಳೆಯಿತು. ಸೆರಗು ಮಾತ್ರ ಬಿಡಲಿಲ್ಲ. ಕೊನೆಗೆ ಅವರು ಸೀರೆಗಳನ್ನು ಜಪ್ತಿ ಮಾಡಿ, ಅಕ್ಕಿ ಕಾಯಿ ದೇವರ ಮುಂದೆ ಇಡಲು ಬಿಟ್ಟರು.

ಆಮೇಲೆ ಸಾಹೇಬ ನನ್ನ ಬಾಗಿಲಿಗೆ ಬಂದ. "ಅಮ್ಮಾ, ಈ ಓಣ್ಯಾಗ ನೀವೊಬ್ಬರೇ ಏನೂ ತಗೊಂಡಿಲ್ಲಂತ. ಇಂಥಾ ಪ್ರಾಮಾಣಿಕರು ಬೇಕ್ರಿ. ಈ ಕಾಗದಕ್ಕ ಸಾಕ್ಷಿ ಸಹಿ ಮಾಡ್ರಿ."

ನಾನು ಬಾಗಿಲ ಹಿಂದಿನಿಂದಲೇ ಹೇಳಿದೆ. "ಪ್ರಾಮಾಣಿಕ ಏನ್ ಬಂತುರಿ? ನನಗ ಯಾರೂ ಕೊಡಲಿಲ್ಲ. ಗಂಡ ಇಲ್ಲದಾಕಿಗಿ ಉಡಿ ತುಂಬಂಗಿಲ್ಲಲ್ರಿ."

ಅವನು ಕಾಗದ ಒಳಗೆ ಚಾಚಿದ. ಓದಿ ನೋಡಿ ನಾನು ಕೇಳಿದೆ, "ಇದರಾಗ ಕೊಟ್ಟವರ ಹೆಸರ ಎಲ್ಲಿ ಅದ?"

"ಅವರು ಸಿಕ್ಕಿಲ್ಲಲ್ಲಮ್ಮ."

"ನಾ ನೋಡೀನಲ್ರಿ, ಯಾರ್ ಯಾರ್ ಬಂದಿದ್ರು ಅಂತ."

"ಹಂಗಿದ್ರ ನಾಳಿ ಔರಾದ ಕಚೇರಿಗಿ ಬಂದು ಹೇಳಿಕಿ ಕೊಡ್ರಿ," ಎಂದು ಹೇಳಿ ಹೋದ. ನಾನು ಹೋಗಲಾರೆ ಎಂದು ಅವನು ತಿಳಿದಿದ್ದಿರಬೇಕು.

ಆ ಸಂಜೆಯೇ, ಉಡಿ ತುಂಬಿದ ಅದೇ ಹೆಂಗಸು ತಾಟು ಹಿಡಿದು ನನ್ನ ಮನೆಗೆ ಬಂದಳು. ತಾಟಿನಲ್ಲಿ ಅಕ್ಕಿ, ಕಾಯಿ, ಖಣ. "ಅಕ್ಕಾ, ಮಧ್ಯಾಹ್ನ ನಿಮ್ಮನ್ನ ಬಿಟ್ಟೇವಿ, ತಪ್ಪಾತು. ಈಗಿನ ಕಾಲದಾಗ ವಿಧವಿ, ಮುತ್ತೈದಿ ಅಂತ ಎಂಥಾ ಭೇದ ರೀ? ಸೆರಗ ಹಿಡೀರಿ."

ನಿಮ್ಮ ಅಜ್ಜ ಹೋದಾಗಿನಿಂದ ಯಾರೂ ನನಗೆ ಆ ಮಾತು ಅಂದಿರಲಿಲ್ಲ, ನನ್ನ ತವರಿನವರು ಕೂಡ. ನನ್ನ ಕೈ ತಾನಾಗಿ ಸೆರಗಿಗೆ ಹೋಯಿತು. ಆಗ ಆಕೆ ದನಿ ಇಳಿಸಿ, "ನಾಳಿ ಔರಾದಿಗಿ ಹೋಗಬ್ಯಾಡ್ರಿ. ನೀವು ಸುಮ್ಮಿದ್ರ ಆ ಅಡಗಿಯಾಕಿ ನೌಕರಿನೂ ಉಳೀತದ. ನಮ್ಮ ಮನಿಯವರು ನೋಡ್ಕೋತಾರ," ಎಂದಳು. ನಾನು ಸಾಹೇಬನಿಗೆ ಅಂದ ಮಾತು ಅಷ್ಟರಲ್ಲೇ ಅವರ ಕಿವಿ ಮುಟ್ಟಿತ್ತು.

ಮಕ್ಕಳೇ, ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷ ಯಾರಿಗೂ ಕಾಣದಿದ್ದ ನನ್ನ ಸೆರಗು ನನ್ನ ಬಾಯಿ ಮುಚ್ಚಿಸಬೇಕಾದಾಗ ಕಂಡಿತು! "ತಾಟ ಎತ್ತಿಕೊಂಡು ನಡೀರಿ ಹೊರಗ," ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ, ಮೇವು ತಿನ್ನುತ್ತಿದ್ದ ಎಮ್ಮೆಯೂ ತಲೆಯೆತ್ತಿ ನೋಡಿತು.

ಆಕೆ ಹೋದ ಮೇಲೆ ಹೆದರಿಕೆ ಶುರುವಾಯಿತು. ಸಿಟ್ಟು ನನ್ನದು, ಹೋಗುವ ಕೆಲಸ ಇನ್ನೊಬ್ಬಳದು. ಗೋಡೆಯಾಚೆ ಹೋಗಿ ಎಲ್ಲ ಹೇಳಿದೆ. ಅಡುಗೆಯವಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಕೇಳಿಸಿಕೊಂಡಳು.

"ಅವರ ಮಾತ ಕೇಳಿ ಸುಮ್ಮಿದ್ರ, ಕಾಕಿ, ಇನ್ನ ದಿನಾ ಅವರಿಗಿ ಕೈ ಮುಗಿದು ಸಾಲಿಗಿ ಹೋಗಬೇಕಾಗ್ತದ. ನಡೀರಿ, ಹೋಗೂಣು. ನಾ ಇಸಗೊಂಡೀನಿ ಅಂತ ನಾನೂ ಹೇಳ್ತೇನಿ." ಆಮೇಲೆ ನಕ್ಕಳು. "ಬಸ್ಸಿನ್ಯಾಗ ಖಿಡಕಿ ಕಡಿ ನಾ ಕೂಡ್ತೇನಿ ಮತ್ತ. ಜೇಲಿಗಿ ಹೋಗೂ ಮುಂಚೆ ಒಂದೀಟು ಗಾಳಿ ತಿಂದು ಹೋಗ್ತೇನಿ."

ಮರುದಿನ ಔರಾದಿನ ಕಚೇರಿಯಲ್ಲಿ ಇಬ್ಬರೂ ಹೇಳಿದೆವು. ನನ್ನ ತುಟಿ ಒಣಗಿ ಮಾತು ಅರ್ಧಕ್ಕೆ ನಿಂತಾಗ ಅವಳೇ ನೀರು ಕೊಟ್ಟಳು. ಕೊಟ್ಟವನ ಹೆಸರೂ ಕಾಗದಕ್ಕೆ ಬಂತು, ತೆಗೆದುಕೊಂಡವಳ ಹೆಸರೂ ಬಂತು. ಅಡುಗೆಗೆ ಸದ್ಯಕ್ಕೆ ಹೊಸಬಳೊಬ್ಬಳನ್ನು ಇಟ್ಟು, ಅವಳಿಗೆ, ಕೇಸು ಮುಗಿಯುವ ತನಕ ಶಾಲೆಗೆ ಬರಬೇಡ ಎಂದರು. ಅವನಿಗೆ ಯಾರೂ ಎಲ್ಲಿಗೂ ಬರಬೇಡ ಎನ್ನಲಿಲ್ಲ. ಅವನು ಗೆದ್ದ. ಅದೇ ಶಾಲೆಯಲ್ಲಿ ಧ್ವಜ ಹಾರಿಸಲು ಅವನೇ ಮುಖ್ಯ ಅತಿಥಿ. ಶಾಲು ಹೊದಿಸಿದರು!

ಇನ್ನೊಂದು ಹೇಳಿದರೆ ನಿಮಗೆ ನಗು ಬರಬಹುದು, ನನಗೆ ಅವತ್ತು ಅಳು ಬಂತು. ಓಟು ಹಾಕಿ ಬರುವಾಗ ಅವಳನ್ನು ಯಾರಿಗೆ ಹಾಕಿದೆ ಎಂದು ಕೇಳಿದೆ. "ಅವರಿಗೇ, ಕಾಕಿ. ಉಡಿ ಅಕ್ಕಿ ಉಂಡೀನಲ್ಲ. ಖರೇ ಹೇಳೂದು ಬ್ಯಾರೆ, ಉಡಿ ಋಣ ಬ್ಯಾರೆ."

"ನಿನ್ನ ಕೆಲಸ ತಿಂದವನಿಗಿ ಹಾಕಿದ್ಯಾ, ಹುಚ್ಚಿ!" ಎಂದು ಬೈದೆ. ಕೆಲವು ದಿನ ಅವಳ ಜೊತೆ ಮಾತು ಬಿಟ್ಟೆ. ಈಗಲೂ ಆ ಸಿಟ್ಟು ಪೂರ್ತಿ ಹೋಗಿಲ್ಲ.

ಭಾಲ್ಕಿಯ ನಮ್ಮ ಬೀಗರ, ಅಂದರೆ ನಿಮ್ಮ ತಾಯಿಯ ತವರಿನವರ ಮಾತನ್ನೂ ಬರೆದುಬಿಡುತ್ತೇನೆ, ಅವಳಿಗೆ ಓದಿ ಹೇಳಬೇಡಿ. ಅವರ ಸಹಕಾರ ಸಂಘದ ಚುನಾವಣೆಯಲ್ಲಿ ಓಟಿದ್ದವರನ್ನೆಲ್ಲ ಬಸ್ಸಿನಲ್ಲಿ ಪ್ರವಾಸ ಕರೆದೊಯ್ದು, ಬರುವಾಗ ಬೆಳ್ಳಿಯ ದೀಪದ ಸಮೆ ಕೊಟ್ಟು ಕಳಿಸಿದರಂತೆ. ಅದು ಪಡಸಾಲೆಯ ಗಾಜಿನ ಕಪಾಟಿನಲ್ಲಿದೆ. "ಪ್ರೀತಿಲಿಂದ ಕೊಟ್ಟಾರ, ಬ್ಯಾಡ ಅನ್ಲಿಕ್ಕಿ ಆಗ್ತದೇನ್ರಿ?" ಎಂದು ನಗುತ್ತಾ ತೋರಿಸಿದರು. ಆ ಕಪಾಟಿನ ಮುಂದೆ ಜೀಪು ನಿಲ್ಲಲಿಲ್ಲ. ಹೊಟ್ಟೆ ತುಂಬಿದ, ಓದಿದ ಮನೆ ಅದು. ನೀವು ಜೇಲಿಗೆ ಹಾಕಬೇಕೆಂದಾಗ ಆ ಮನೆ ನಿಮ್ಮ ಕಣ್ಣ ಮುಂದೆ ಬಂತೇ?

ಓಟು ಮಾರುವುದು ಅಪರಾಧವೇ. ನನಗೆ ಅನುಮಾನವಿಲ್ಲ. ಕೊಟ್ಟವರೂ ತಪ್ಪಿತಸ್ಥರು, ಇಸಿದುಕೊಂಡವರೂ ತಪ್ಪಿತಸ್ಥರು ಎಂದು ಕಾಯ್ದೆಯೇ ಹೇಳುತ್ತದಂತೆ. ಹಾಗಾದರೆ ಕೊಟ್ಟವನಿಂದ ಶುರುಮಾಡಿ, ಕಪಾಟಿನವರ ಮನೆ ದಾಟಿ, ಆಮೇಲೆ ಬೇವಿನ ಗಿಡದ ಕೆಳಗೆ ಬನ್ನಿ. ತಿರುಗಾಮುರುಗಾ ಬರುವುದೇಕೆ? ಅವಳಂತೂ ತಪ್ಪು ಒಪ್ಪಿಕೊಂಡೇ ನಿಂತಿದ್ದಾಳೆ.

ಕೋರ್ಟಿನ ತಾರೀಖು ಬಂದಾಗಲೆಲ್ಲ ಕಳೆ ತೆಗೆಯುವ ಕೂಲಿ ಬಿಟ್ಟು ಅವಳು ಔರಾದಿಗೆ ಹೋಗುತ್ತಾಳೆ, ಸಾಕ್ಷಿ ಹೇಳಲು ನಾನೂ ಜೊತೆಗೆ. ಗೆದ್ದವನ ವಕೀಲ ಅರ್ಜಿ ಕೊಡುತ್ತಾನೆ, ಸಾಹೇಬರಿಗೆ ಆರಾಮಿಲ್ಲ ಎಂದು. ಮುಂದಿನ ತಾರೀಖು ಬೀಳುತ್ತದೆ. ಆರಾಮಿಲ್ಲದವನ ಕಾರು ಅದೇ ದಿನ ನಮ್ಮನ್ನು ದಾಟಿ ಧೂಳೆಬ್ಬಿಸಿ ಹೋಗುತ್ತದೆ. ಬಸ್ ನಿಲ್ದಾಣದಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೋದ ಸಲ ಅವಳು ಕೇಳಿದಳು, "ಕಾಕಿ, ನನಗ ಏನ್ ಶಿಕ್ಷಾ ಕೊಡ್ತಾರೋ ಕೊಟ್ಟು ಮುಗಸಲಿ ಅಂತ ಜಡ್ಜ್ ಸಾಹೇಬರಿಗಿ ಹೇಳೂಣೇನು? ಸಾಲ್ಯಾಗ ಹೊಸಾಕಿನ್ನ ಪಕ್ಕಾ ಮಾಡೂ ಮುಂಚೆ ಮುಗೀಬೇಕು."