ಚಿಕ್ಕಬೈರಪ್ಪನವರ ಖಾಲಿ ಕ್ಯಾರಿಯರ್

ಚಿಕ್ಕಬೈರಪ್ಪನವರ ಬಾಯಿಗೂ ಸೈಕಲ್ಲಿಗೂ ಬ್ರೇಕ್ ಇಲ್ಲವೆಂಬುದು ಸಾರಕ್ಕಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೈಕಲ್ಲಿನ ಬ್ರೇಕನ್ನು ನಾನು ಗದರಿ ಸರಿಮಾಡಿಸಿದೆ. ಬಾಯಿ ಹಾಗೇ ಇದೆ.

ನಾನು ಕಾತ್ಯಾಯಿನಿ. ಜಯನಗರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಶಾಲೆ ಬಿಟ್ಟರೂ ಕೊರಳಿನ ವಿಷಲ್ ಬಿಡಲಾಗದೆ, ಭಾನುವಾರ ಬೆಳಗ್ಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗುವ ಸೈಕಲ್ ಸವಾರಿ ಶುರುಮಾಡಿದೆ. ಜೆ.ಪಿ. ನಗರದ ಮಿನಿ ಫಾರೆಸ್ಟ್ ಗೇಟಿನ ಮುಂದೆ ಸೇರುತ್ತೇವೆ. ಅಪ್ಪನ ಮುಂದೆ ಪುಟ್ಟ ಸೀಟಿನಲ್ಲಿ ಕೂಸು, ಅಮ್ಮನ ಹಿಂದೆ ಕಾಲಾಡಿಸುತ್ತಾ ಮಗಳು, ಪಕ್ಕದಲ್ಲಿ ಟ್ರೇನಿಂಗ್ ಚಕ್ರದ ಗಲಾಟೆ. ಒಳರಸ್ತೆಗಳಲ್ಲೇ ಸುತ್ತಿ, ಯಾವುದಾದರೂ ದರ್ಶಿನಿಯಲ್ಲಿ ಇಡ್ಲಿ ತಿಂದು ವಾಪಸ್. ರೇಸು ಗೀಸು ಎಂದವರಿಗೆ ನನ್ನ ಹತ್ತಿರ ಮಂಗಳಾರತಿ. ನಮ್ಮ ನಿಯಮ ಒಂದೇ: ಪ್ರತಿ ಕ್ರಾಸಿನಲ್ಲೂ ಹಿಂದೆ ತಿರುಗಿ ನೋಡಬೇಕು, ನಿಮ್ಮ ಹಿಂದಿನವರು ಕಾಣದಿದ್ದರೆ ನಿಲ್ಲಬೇಕು. ಅಷ್ಟು ಮಾಡಿದರೆ ಇಷ್ಟು ದೊಡ್ಡ ಊರಿನಲ್ಲೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ.

ಈ ಒಂದೇ ನಿಯಮವನ್ನು ವಾರವಾರವೂ ಮುರಿಯುತ್ತಿದ್ದವರು ಚಿಕ್ಕಬೈರಪ್ಪನವರು. ಹಿಂದೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಮನೆ ಮುಂದೆ ಮಗ ಕೆಂಪರಾಜುವಿನ ಕಾರಿದ್ದರೂ ಇವರಿಗೆ ಆ ಕರೀ ಸೈಕಲ್ಲೇ ಆಗಬೇಕು. ಗೇಟು ದಾಟಿದ್ದೇ ತಡ, ಮಕ್ಕಳಿಗೆ ಕತೆ ಶುರು. ಅದರಲ್ಲೂ ತಮ್ಮ ತಾತನ ಎಮ್ಮೆ ಹಗ್ಗ ಕಿತ್ತುಕೊಂಡು ಹೋಗಿ ಮದುವೆ ಚಪ್ಪರಕ್ಕೆ ನುಗ್ಗಿದ ಕತೆ. ಕತೆ ಹೇಳುತ್ತಾ ಮುಂದೆ ಮುಂದೆ ಹೋಗುವ ಮನುಷ್ಯನಿಗೆ ಹಿಂದೊಂದು ಲೋಕವಿದೆ ಎಂಬ ನೆನಪೇ ಇರುತ್ತಿರಲಿಲ್ಲ. ಮಕ್ಕಳು ಐಸ್‌ಕ್ಯಾಂಡಿ ಗಾಡಿಯ ಹತ್ತಿರ ನಿಂತುಬಿಟ್ಟಿದ್ದರೂ ಇವರು ಎರಡು ಕ್ರಾಸ್ ಆಚೆ ಒಬ್ಬರೇ ಎಮ್ಮೆಯ ಕೊಂಬು ವರ್ಣಿಸುತ್ತಿದ್ದರು. ನನ್ನ ವಿಷಲ್ ಊದಿ ಊದಿ ಕೆನ್ನೆ ನೋಯುತ್ತಿತ್ತು.

ಒಂದು ಭಾನುವಾರ ಇಡ್ಲಿ ತಿನ್ನುವಾಗ ಅವರು ಎಂದಿನ ಹಾಗೆ ನಗಲಿಲ್ಲ. ಸೈಕಲ್ಲಿನ ಕಡೆ ನೋಡುತ್ತಾ ಹೇಳಿದರು, "ಮಿಸ್ಸೇ, ಇದು ಫ್ಯಾಮಿಲಿ ರೈಡು ಅಂತೀರ. ಎಲ್ರ ಹಿಂದೆನೂ ಯಾರಾದ್ರೂ ಅವ್ರೆ. ನನ್ ಕ್ಯಾರಿಯರ್ ನೋಡಿ, ಖಾಲಿ. ಒಂದೇ ಒಂದ್ಸಲ ಮಂಗಮ್ಮನ್ನ ಕೂರಿಸ್ಕೊಂಡು ಬನಶಂಕರಮ್ಮನ ಗುಡಿಗೆ ಹೋಗ್ಬೇಕು."

ಅದೊಂದು ಅರ್ಧಕ್ಕೆ ನಿಂತ ಪ್ರಯಾಣ. ಮದುವೆಯಾದ ಹೊಸದರಲ್ಲಿ ಮಂಗಮ್ಮನವರನ್ನು ಇದೇ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗುಡಿಗೆ ಹೊರಟಿದ್ದರಂತೆ. ಹೊಲದ ಬದುವಿನ ಮೇಲೆ ಸೈಕಲ್ ಎತ್ತಿಹಾಕಿದ್ದಕ್ಕೆ ಹೆಂಡತಿ ಕೆಸರಿಗೆ ಬಿದ್ದರು. ಗಂಡ ಎಮ್ಮೆಯ ಕತೆ ಹೇಳುತ್ತಾ ಗುಡಿಯವರೆಗೂ ಹೋದರು. ಬಾಗಿಲಲ್ಲಿ ನಿಂತು, ತಿರುಗದೆಯೇ ಕೈ ಹಿಂದಕ್ಕೆ ಚಾಚಿ, "ಕಾಯಿ ಕೊಡು" ಅಂದರು. ಕೊಡಲು ಯಾರೂ ಇರಲಿಲ್ಲ. ಮನೆಗೆ ಓಡಿಬಂದರೆ ಹೆಂಡತಿ ಸ್ನಾನ ಮಾಡಿ, ಸೀರೆ ಬದಲಿಸಿ ಕೂತಿದ್ದರು. ದೇವಿಗೆ ಒಡೆಯಬೇಕಾದ ಕಾಯಿ ರಾತ್ರಿ ಚಟ್ನಿಯಾಗಿ ತಟ್ಟೆಗೆ ಬಂತು. ನಲವತ್ತು ವರ್ಷದ ಮೇಲಾಯಿತು, ಮಂಗಮ್ಮ ಮತ್ತೆ ಆ ಸೈಕಲ್ ಹತ್ತಿಲ್ಲ. ಆಯುಧಪೂಜೆಗೆ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂ ಸುತ್ತಿ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಪೂಜೆ ಮಾಡುತ್ತಾರೆ, ಹತ್ತುವುದಿಲ್ಲ. ಎಮ್ಮೆಯ ಕತೆ ಶುರುವಾದರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಎಮ್ಮೆ ಚಪ್ಪರಕ್ಕೆ ನುಗ್ಗಿದ ಮೇಲೆ ಏನಾಯಿತೆಂದು ಸಾರಕ್ಕಿಯಲ್ಲಿ ಗೊತ್ತಿಲ್ಲದವರು ಬಹುಶಃ ಅವರೊಬ್ಬರೇ.

ಮಾತಾಡಿ ನೋಡೋಣವೆಂದು ಅವರ ಮನೆಗೆ ಹೋದೆ. ಮಂಗಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಂದೂ ಒಂದು ಗುಡ್ಡೆ ತಳ್ಳಿದರು.

"ಬಿದ್ದಿದ್ದಕ್ಕೇನೂ ನೋವಾಗ್ಲಿಲ್ಲ ಮಿಸ್ಸಮ್ಮ," ಅಂದರು. "ಕೆಸರಲ್ಲಿ ಕೂತ್ಕೊಂಡೇ ಇದ್ದೆ. ಅವ್ರ ಮಾತು ಕೇಳ್ತಾನೇ ಇತ್ತು."

"ಕೂಗಬಹುದಿತ್ತಲ್ಲಮ್ಮ?"

"ನಾನ್ಯಾಕೆ ಕೂಗ್ಲಿ? ತಿರುಗಿ ನೋಡ್ತಾರೆ ಅಂತ ಕಾದೆ. ಅಲ್ಲೀವರ್ಗೂ ಹೂಂ ಹೂಂ ಅಂತಿದ್ದೆ, ಆ ಹೂಂ ನಿಂತೋಯ್ತು. ಅವ್ರಿಗೇನೂ ಕಮ್ಮಿ ಆಗ್ಲಿಲ್ಲ. ಕತೆ ಪಾಡಿಗೆ ಕತೆ ಹೋಯ್ತು. ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅನ್ನಂಗಿದ್ರೆ ಯಾಕೆ ಹತ್ಬೇಕು? ಇದನ್ನ ಅವ್ರಿಗೆ ಹೇಳ್ಬೇಡಿ ಮತ್ತೆ."

ನಾನು ಕಾಯಿ ಸುಲಿದೆ. ಊರೆಲ್ಲ ನಗುವ ಆ ಕೆಸರಿನ ಕತೆಗೆ ನಾನೂ ಎಷ್ಟು ಸಲ ನಕ್ಕಿದ್ದೆ!

ಚಿಕ್ಕಬೈರಪ್ಪನವರಿಗೆ ಇಷ್ಟೇ ಹೇಳಿದೆ: ಮೊದಲು ಹಿಂದೆ ತಿರುಗುವುದನ್ನು ಕಲಿಯಿರಿ, ಆಮೇಲೆ ಹೆಂಡತಿಯನ್ನು ಕರೆಯಿರಿ. ನನ್ನ ವಿದ್ಯಾರ್ಥಿಗಳಲ್ಲಿ ಯಾರೂ ನನ್ನ ಮಾತನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮಾರನೆಯ ದಿನದಿಂದಲೇ ಮನುಷ್ಯ ಕ್ಯಾರಿಯರ್ ಮೇಲೆ ರಾಗಿ ಮೂಟೆ ಕಟ್ಟಿಕೊಂಡು ಬೀದಿ ಸುತ್ತತೊಡಗಿದರು. ಮೂಟೆಗೆ ಕತೆ ಹೇಳುವುದು, ಕ್ರಾಸ್ ಬಂದಾಗ ಕತ್ತು ತಿರುಗಿಸಿ, "ಇದ್ದೀಯೇನೇ?" ಎಂದು ವಿಚಾರಿಸುವುದು. ಬಾಡಿಗೆದಾರರು ಬಾಲ್ಕನಿಗೆ ಬಂದು ನಿಂತರು. ಹಾಲು ತರಲು ಹೋದವರು ಹಾಲು ಮರೆತರು. ಇವರಿಗೆ ಅದ್ಯಾವುದರ ಪರಿವೆಯೂ ಇಲ್ಲ. ಒಂದು ದಿನ ಮೂಟೆ ಜಾರಿ ಬಿತ್ತು. ತಕ್ಷಣ ಇಳಿದು, ಅದರ ಧೂಳು ಕೊಡವಿ, "ಪೆಟ್ಟಾಯ್ತಾ?" ಅಂದರು.

ಮನೆಯ ಮಹಡಿಯಿಂದ ನೋಡುತ್ತಿದ್ದ ಮಂಗಮ್ಮನಿಗೆ ನಗು ತಡೆಯಲಾಗಲಿಲ್ಲ. ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ರಾಗಿ ಮೇಲಿರೋ ಪ್ರೀತಿ ನೋಡಿ!" ಎಂದು ಮೇಲಿನಿಂದಲೇ ಕೂಗಿದರು. "ಸಾಕು, ಮೂಟೆ ಇಳಿಸ್ರೀ. ಭಾನುವಾರ ನಾನೇ ಬರ್ತೀನಿ."

ಆ ಭಾನುವಾರ ಮಂಗಮ್ಮ ರೇಷ್ಮೆ ಸೀರೆ ಉಟ್ಟು ಬಂದರು. ಮುಡಿದ ಮಲ್ಲಿಗೆ ನಲುಗದ ಹಾಗೆ ಹೆಲ್ಮೆಟ್ ಹಾಕಲು ನಾವು ಮೂರು ಜನ ಹೆಂಗಸರು ಬೇಕಾಯಿತು. ಕ್ಯಾರಿಯರ್ ಮೇಲೆ ದಿಂಬು, ಮಡಿಲಲ್ಲಿ ತೆಂಗಿನಕಾಯಿಯ ಚೀಲ. ಮಕ್ಕಳು ಬೆಲ್ ಬಾರಿಸಿ ಬಾರಿಸಿ ಬೀದಿ ಎಬ್ಬಿಸಿದರು. ನಾನು ಅವರ ಹಿಂದೆಯೇ ಹೊರಟೆ. ಮೊದಲ ಕ್ರಾಸಿನಲ್ಲಿ ಗಂಡ ತಿರುಗಿದರು, "ಇದ್ದೀಯೇನೇ?" "ಹೂಂ." ಎರಡನೆಯದರಲ್ಲೂ ಹಾಗೇ. ಖುಷಿಗೆ ಅವರ ಬಾಯಿ ಬಿಚ್ಚಿತು. ಬಿಚ್ಚಿದ ಮೇಲೆ ಇನ್ನೇನು, ಎಮ್ಮೆ ಹಗ್ಗ ಕಿತ್ತುಕೊಂಡಿತು. "ಹೂಂ." ಕೆರೆಗಿಳಿಯಿತು. "ಹೂಂ." ಚಪ್ಪರದ ಹತ್ತಿರ ಬಂತು.

ಹಿಂದೆ ಬದು ಇದ್ದ ಜಾಗದಲ್ಲಿ ಈಗ ರಸ್ತೆ, ರಸ್ತೆಗೊಂದು ಹಂಪ್. ಅಲ್ಲಿ ಸೈಕಲ್ ನಡಿಗೆಗಿಂತ ನಿಧಾನವಾಯಿತು. ಮಂಗಮ್ಮ ಹಿಂದೆ ನನ್ನ ಕಡೆ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಸೀರೆ ಎತ್ತಿಹಿಡಿದು ಮೆಲ್ಲಗೆ ಇಳಿದೇಬಿಟ್ಟರು. ನನ್ನ ಕೈ ತಾನಾಗಿ ವಿಷಲ್‌ಗೆ ಹೋಯಿತು. ಅವರು ಬೇಡವೆಂದು ಕಣ್ಣಿನಲ್ಲೇ ಗದರಿದರು. ನಗುತ್ತಿರಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಗಂಡನ ಬೆನ್ನನ್ನೇ ನೋಡುತ್ತಾ ನಿಂತಿದ್ದರು. ಅವರು ಹಿಂದೆ ತಿರುಗಿ ನೋಡಬೇಕಾದ ಕ್ರಾಸ್ ಇನ್ನೂ ದೂರವಿತ್ತು.

"ಚಪ್ಪರಕ್ಕೆ ನುಗ್ತಾ... ನುಗ್ಗಿ ಸೀದಾ ಹಸೆಮಣೆ ತಾವ್ಕೇ..."

ಅಲ್ಲಿಗೆ ಮಾತು ನಿಂತಿತು. ಚಿಕ್ಕಬೈರಪ್ಪನವರ ಮಾತು ತಾನಾಗಿ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೈಕಲ್ಲನ್ನು ಹಾಗೇ ರಸ್ತೆಗೆ ಬಿಟ್ಟು, ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಓಡಿಬಂದರು.

"ಬಿದ್ಯೇನೇ? ಎಲ್ಲಿ ಪೆಟ್ಟಾಯ್ತು?"

"ಬೀಳ್ಲಿಲ್ಲ. ಇಳ್ದೆ."

ಅವರಿಗೆ ಏದುಸಿರು. ಕಣ್ಣು ತುಂಬಿತ್ತು. ಹೆಂಡತಿಯ ಕೈ ಹಿಡಿದವರು ಬಿಡಲಿಲ್ಲ.

"ಭಾರ ಕಮ್ಮಿ ಆಗಿದ್ದು ಗೊತ್ತಾಯ್ತಾ?" ಎಂದು ನಾನೇ ಕೇಳಿದೆ.

"ಭಾರ ಅಲ್ಲ ಮಿಸ್ಸೇ," ಅಂದರು. "ಹೂಂ ಬರ್ಲಿಲ್ಲ."

ಮಂಗಮ್ಮ ಹೋಗಿ ಚಪ್ಪಲಿ ಹುಡುಕಿ ತಂದು ಗಂಡನ ಕಾಲ ಹತ್ತಿರ ಹಾಕಿದರು. ಸೈಕಲ್ ಎತ್ತಿ ನಿಲ್ಲಿಸುವಷ್ಟು ಹೊತ್ತು ಕಾದು, ಮತ್ತೆ ಹತ್ತಿ ಕೂತರು. ಚಿಕ್ಕಬೈರಪ್ಪನವರು ಹೆದರಿ ಸುಮ್ಮನೆ ತುಳಿಯುತ್ತಿದ್ದರು, ಕ್ರಾಸ್ ಇಲ್ಲದಲ್ಲೂ ತಿರುಗಿ ತಿರುಗಿ ನೋಡುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮಂಗಮ್ಮ ಬೆರಳಿನಿಂದ ಅವರ ಬೆನ್ನಿಗೆ ತಿವಿದರು.

"ಎಮ್ಮೆ ಹಸೆಮಣೆ ತಾವ್ಕೆ ಬಂತಲ್ಲ, ಆಮೇಲೇನಾಯ್ತು?"