ಚುಕ್ಕಿ ಬೀಳದ ಜಾಗ

ಸಿಬ್ಬಂದಿ ವಸತಿಯ ಹಿಂದಿನ ನೀರಿನ ಪಂಪು ಬೆಳಿಗ್ಗೆ ಐದೂವರೆಗೆ ಶುರುವಾಗುತ್ತದೆ. ಟಕ್ ಟಕ್ ಎಂದು ಒಂದೇ ಸಮನೆ ಓಡಿ, ನಡುವೆ ಒಮ್ಮೆ ಉಸಿರು ಕಟ್ಟಿದಂತೆ ಸುಮ್ಮನಾಗಿ, ಮತ್ತೆ ಓಡುತ್ತದೆ. ಅಕ್ಕಪಕ್ಕದವರು ಅದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದಾರೆ. ಮಾಮ ಮಾತ್ರ ಹಾಸಿಗೆಯಲ್ಲೇ ಎಣಿಸುತ್ತಾರೆ.

"ಇವತ್ತು ನೂರಹತ್ತಕ್ಕೆ ನಿಂತಿತು ಕಣೇ."

"ಪಂಪಿಗೂ ಒಂದು ಔಷಧಿ ಚೀಟಿ ಬರ್ಕೊಡಿ," ಎಂದು ಹೆಂಡತಿ ಮಗ್ಗುಲು ಬದಲಿಸುತ್ತಾರೆ.

ಮಾಮ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾ ವಿಭಾಗದ ಅಟೆಂಡರ್. ಮೂವತ್ತೊಂದು ವರ್ಷದಿಂದ ಬಂದ ಪ್ರತಿ ಹೊಸ ತಂಡಕ್ಕೂ ಅವರು ಮಾಮ. ಮೊದಲ ವರ್ಷದ ಮಕ್ಕಳು ನೆಲ ಅಂತಸ್ತಿನ ಪ್ರಯೋಗಾಲಯಕ್ಕೆ ಕಾಲಿಟ್ಟ ದಿನ ಯಾವ ಉಪಕರಣವನ್ನೂ ಮುಟ್ಟುವಂತಿಲ್ಲ. ಪ್ರೊಫೆಸರ್ ಪಾಠ ಮುಗಿಸಿ ಹೋದ ಮೇಲೆ ಮಾಮ ಒಬ್ಬೊಬ್ಬರಿಗೂ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು ಹಂಚುತ್ತಾರೆ. ಪಕ್ಕದವರ ಮಣಿಕಟ್ಟು ಹಿಡಿದು ಪ್ರತಿ ಬಡಿತಕ್ಕೂ ಒಂದು ಚುಕ್ಕಿ ಇಡಬೇಕು. ಬಡಿತ ಬಾರದಿದ್ದರೆ ಪೆನ್ಸಿಲು ಖಾಲಿ ಜಾಗ ಬಿಟ್ಟು ಮುಂದೆ ಸರಿಯಬೇಕು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಪೂರ್ತಿ ಒಂದು ಸುತ್ತು ಬರುವ ತನಕ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣರ ಹಾಳೆ ಅವರ ಕೈಗೇ ವಾಪಸು ಬರುತ್ತದೆ.

"ಮಿಕ್ಕ ನಲವತ್ತೈದು ಸೆಕೆಂಡಲ್ಲಿ ಏನಾಯ್ತು ಅಂತ ನಿಂಗೇನಪ್ಪಾ ಗೊತ್ತು? ನೀನಿರ್ಲೇ ಇಲ್ವಲ್ಲ ಅಲ್ಲಿ."

ಅವರ ಮಗಳೂ ಒಂದು ವರ್ಷ ಅದೇ ಬೆಂಚಿನಲ್ಲಿ ಕೂತಿದ್ದಳು. ಎಲ್ಲರ ಜೊತೆ ಅವಳೂ ಮಾಮ ಎಂದೇ ಕರೆದಳು. ಅವಳ ಹಾಳೆ ಮೂರು ಸಲ ವಾಪಸು ಬಂತು.

"ನಮ್ಮಪ್ಪಂಗೆ ಹೇಳ್ತೀನಿ," ಎಂದು ಅವಳು ಮುಖ ಊದಿಸಿಕೊಂಡಳು.

"ಹೇಳಮ್ಮ. ಅವರು ನನಗಿಂತ ಕೆಟ್ಟೋರಂತೆ."

ಕಪ್ಪೆಯ ಹೃದಯವನ್ನು ಕಣ್ಣಾರೆ ಕಂಡ ಕೊನೆಯ ತಂಡ ಅವಳದು. ಆ ಹೃದಯದ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮಾಮ ತೆಳ್ಳನೆಯ ದಾರ ಬಿಗಿಯುತ್ತಿದ್ದರು. ಮೇಲಿನದು ತನ್ನ ಪಾಡಿಗೆ ಬಡಿಯುತ್ತಿತ್ತು; ಕೆಳಗಿನದು ಕರೆ ತಲುಪದೆ ಸುಮ್ಮನಾಗುತ್ತಿತ್ತು. ಈಗ ಅದೆಲ್ಲ ಕಂಪ್ಯೂಟರ್ ತೆರೆಯ ಮೇಲೆ.

ವರ್ಷ ಕಳೆದಂತೆ ಮಕ್ಕಳು ಮೆಟ್ಟಿಲು ಹತ್ತಿ ವಾರ್ಡುಗಳ ಕಡೆ ಹೋಗುತ್ತಾರೆ. ಮೊದಮೊದಲು ಇಳಿದು ಬಂದು ಮಾತಾಡಿಸುತ್ತಾರೆ, ಆಮೇಲೆ ದೂರದಿಂದ ಕೈ ಬೀಸುತ್ತಾರೆ. ಕೊನೆಗೆ ಕೊರಳಿಗೆ ಸ್ಟೆತಸ್ಕೋಪು, ಕಾಲಿಗೆ ಅವಸರ. ಮಾಮನಿಗೆ ಬೇಸರವಿಲ್ಲ. ನಲವತ್ತು ಹಾಸಿಗೆ ನೋಡುವವರು ಹಾಸಿಗೆಗೊಂದು ನಿಮಿಷ ಎಲ್ಲಿಂದ ತರಬೇಕು? ಯಾಕೆ ಹೀಗಾಯಿತು ಎಂದು ಕೇಳಿಕೊಳ್ಳುವಷ್ಟರಲ್ಲಿ, ಈಗ ಏನು ಕೊಡಬೇಕು ಎಂಬುದು ಎದುರಿಗೆ ಬಂದು ನಿಂತಿರುತ್ತದೆ. ಮಗಳೂ ಹಾಗೆಯೇ ಮೇಲೆ ಹೋದಳು. ಈಗ ಅಲ್ಲಿ ಹೌಸ್ ಸರ್ಜನ್.

ಮಾಮನ ಹೆಂಡತಿ ಶಿಶುವಿಹಾರದಲ್ಲಿ ಆಯಾ. ಈ ವರ್ಷ ಹತ್ತೇ ದಿನದಲ್ಲಿ ಎರಡು ಸಲ ಕಣ್ಣು ಕತ್ತಲಿಟ್ಟು ಕುಸಿದರು. ಎರಡನೆಯ ಸಲ ತೋಳಿನಲ್ಲೊಂದು ಕೂಸಿತ್ತು. ಜೊತೆಯ ಆಯಾ ಹಾರಿ ಬಂದು ಕೂಸನ್ನು ಹಿಡಿದುಕೊಂಡಳು. ಮಗಳ ವಾರ್ಡಿಗೇ ಸೇರಿಸಿದರು. ಇಸಿಜಿ ಸರಿ, ರಕ್ತ ಸರಿ, ತಲೆಯ ಸ್ಕ್ಯಾನೂ ಸರಿ. ಮೂರನೆಯ ಬೆಳಿಗ್ಗೆ ಮಗಳು ಮನೆಗೆ ಕಳಿಸುವ ಚೀಟಿ ಹಿಡಿದು ಬಂದಳು.

"ಬರೀ ಸುಸ್ತು ಅಮ್ಮ. ಸೋಮವಾರದಿಂದ ಕೆಲಸಕ್ಕೆ ಹೋಗ್ಬಹುದು."

ಮಾಮ ಹೆಂಡತಿಯ ಮಣಿಕಟ್ಟು ಹಿಡಿದು ಕೂತಿದ್ದರು. ಕಣ್ಣು ಗಡಿಯಾರದ ಮೇಲಿತ್ತು.

"ಮದ್ವೆಯಾಗಿ ಇಪ್ಪತ್ತಾರು ವರ್ಷಕ್ಕೆ ಕೈ ಹಿಡ್ಕೊಂಡಿದ್ದಾರೆ ನೋಡೇ," ಎಂದರು ತಾಯಿ. "ಅದೂ ಇಷ್ಟು ಜನರ ಮುಂದೆ."

"ಸುಮ್ನಿರೇ, ಲೆಕ್ಕ ತಪ್ಪುತ್ತೆ." ಮಾಮ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಪುಟ್ಟಿ, ನೀನೊಂದ್ಸಲ ನೋಡು."

ಮಗಳು ಎರಡು ಬೆರಳಿಟ್ಟು, ಫೋನು ನೋಡಿ, ಕೈ ಬಿಟ್ಟಳು. "ಅರವತ್ತೆಂಟು."

"ಎಷ್ಟು ಹೊತ್ತು ಎಣಿಸ್ದೆ?"

ಮಗಳು ಚೀಟಿಯ ಕಡೆ ನೋಡಿದಳು. "ಅಪ್ಪಾ, ಹೊರಗೆ ಆರು ಜನ ಕಾಯ್ತಿದ್ದಾರೆ."

"ನಂಗೊಂದು ಬಡಿತ ತಪ್ಪಿದ ಹಾಗನ್ನಿಸ್ತು. ನನ್ನ ಬೆರಳಿಗೂ ವಯಸ್ಸಾಯ್ತು, ನಂಬೋ ಹಾಗಿಲ್ಲ. ತಗೋ." ಅಂಗಿಯ ಜೇಬಿನಿಂದ ಪೆನ್ಸಿಲು ತೆಗೆದು ಕೊಟ್ಟರು.

ಬೇರೆ ಹಾಳೆ ಇರಲಿಲ್ಲ. ಮಗಳು ಚೀಟಿಯನ್ನೇ ಬೋರಲು ಹಾಕಿಕೊಂಡಳು. ಒಂದು ನಿಮಿಷ ಚುಕ್ಕಿಗಳು ಸಾಲಾಗಿ ಬಿದ್ದವು, ಒಂದೂ ತಪ್ಪಲಿಲ್ಲ. ಅವಳು ತಲೆಯೆತ್ತಿದಳು.

"ಇನ್ನೊಂದು ಸುತ್ತು," ಎಂದರು ಮಾಮ.

ಎರಡನೆಯ ಸಾಲಿನ ನಲವತ್ತೊಂದನೆಯ ಚುಕ್ಕಿಯಾದ ಮೇಲೆ ಪೆನ್ಸಿಲು ಸುಮ್ಮನೆ ಮುಂದೆ ಸರಿಯಿತು. ಒಂದು ಚುಕ್ಕಿಯ ಜಾಗ. ಇನ್ನೊಂದು. ಮತ್ತೊಂದು. ತಾಯಿಯ ತಲೆ ದಿಂಬಿಗೆ ಒರಗಿತು. ಆಮೇಲೆ ಚುಕ್ಕಿ ಬಿತ್ತು.

"ಇದೇ," ಎಂದರು ತಾಯಿ, ಕಣ್ಣು ತೆರೆಯದೆ. "ಈಗ ಕಣ್ಣು ಕತ್ತಲು ಬಂತಲ್ಲ, ಅವತ್ತೂ ಇದೇ."

ಮಗಳು ಮಣಿಕಟ್ಟಿನಿಂದ ಬೆರಳು ತೆಗೆಯಲಿಲ್ಲ. "ದಾರ," ಎಂದಳು ಮೆಲ್ಲಗೆ. "ಅಪ್ಪಾ, ದಾರ ಕಟ್ಟಿದ ಹಾಗೆ. ಮೇಲಿಂದ ಕೆಳಕ್ಕೆ ಹೋಗ್ತಿಲ್ಲ. ಆಗೊಮ್ಮೆ ಈಗೊಮ್ಮೆ, ಅಷ್ಟೆ. ಇಸಿಜಿ ತೆಗೆದ ಹತ್ತು ಸೆಕೆಂಡಲ್ಲಿ ಆಗಿಲ್ಲ." ಚೀಟಿಯನ್ನು ಹಾಗೇ ಹಿಡಿದುಕೊಂಡು ಅವಳು ದೊಡ್ಡ ಡಾಕ್ಟರ ಕೋಣೆಗೆ ಓಡಿದಳು.

ಒಂದು ಹಗಲು ಒಂದು ರಾತ್ರಿ ಎದೆಗೆ ಕಟ್ಟಿದ ಯಂತ್ರ ಅದೇ ಖಾಲಿ ಜಾಗವನ್ನು ಹನ್ನೊಂದು ಸಲ ಬರೆಯಿತು. ವಾರದೊಳಗೆ ಭುಜದ ಕೆಳಗೆ, ಚರ್ಮದಡಿಯಲ್ಲಿ, ಪೇಸ್‌ಮೇಕರ್ ಕೂತಿತು. ಗಾಯ ಮಾಗಿದ ಮೇಲೆ ತಾಯಿ ಕೂಸುಗಳ ಬಳಿಗೆ ಮರಳಿದರು.

ಅದಾದ ಮೇಲೊಂದು ಮಧ್ಯಾಹ್ನ ಮಗಳು ಮೆಟ್ಟಿಲಿಳಿದು ಪ್ರಯೋಗಾಲಯಕ್ಕೆ ಬಂದಳು. ಹೊಸ ತಂಡ ಚುಕ್ಕಿ ಇಡುತ್ತಿತ್ತು.

"ಅಪ್ಪಾ, ಅವತ್ತು ಅಮ್ಮನ್ನ ನಾನೇ ಮನೆಗೆ ಕಳಿಸಿಬಿಡ್ತಿದ್ದೆ."

"ಇಲ್ಲಿ ಮಾಮ ಅನ್ನು," ಎಂದರು ಅವರು. ಅವಳು ನಗಲಿಲ್ಲ. ಮಾಮ ದನಿ ತಗ್ಗಿಸಿದರು. "ನೋಡು, ನಂಗೆ ಎಣಿಸೋದು ಗೊತ್ತು, ಅಷ್ಟೆ. ದಾರ ಅಂತ ಹೊಳೆದದ್ದು ನಿಂಗೆ. ಎಷ್ಟು ವರ್ಷ ನನ್ನ ಕೈಯಾರೆ ಕಟ್ಟಿದ್ದೀನಿ ಪುಟ್ಟಿ, ಅದು ನಿಮ್ಮಮ್ಮನ ಎದೇಲೂ ಇರಬಹುದು ಅಂತ ನಂಗೊಂದಿನಾನೂ..."

ಕಿಟಕಿ ಪಕ್ಕದ ಬೆಂಚಿನಲ್ಲೊಬ್ಬ ಹುಡುಗಿ ಹದಿನೈದು ಸೆಕೆಂಡಿಗೇ ಗೆಳತಿಯ ಕೈ ಬಿಟ್ಟು, ಹಾಳೆಯ ಅಂಚಿನಲ್ಲಿ ಗುಣಿಸತೊಡಗಿದ್ದಳು. ಮಾಮ ಅವಳ ಕಡೆ ನಡೆದರು.